ನಿನ್ನ ಹಿಡಿಯಲ್ಲಿ ಐದು ಹಿಡಿ ಉಪ್ಪು

ಪ್ರಾಲೊಂಗೊ
ಸೋಮವಾರ, ೩ ಫೆಬ್ರವರಿ ೧೯೮೬

ಮಾನ್ಯ ಸಭಾಧ್ಯಕ್ಷರೇ, ಶಿಸ್ತಾಗಿ ಕುಳಿತ ಹಿಟ್ಟಿನ ಮೂಟೆಗಳೇ, ಒಬ್ಬರ ತಲೆಯ ಮೇಲೊಬ್ಬರು ಕೂತ ಟೊಮೇಟೊ ಡಬ್ಬಿಗಳೇ, ಉರಿಯಲು ತುದಿಗಾಲಲ್ಲಿ ನಿಂತ ಸೌದೆಗಳೇ, ಮತ್ತು ಇಡೀ ದೇಶದ ಆ ತುದಿಯಲ್ಲಿ ಸಮುದ್ರ ನೋಡುತ್ತಾ ಕಾಲು ಚಾಚಿರುವ ಮುಖ್ಯ ಅತಿಥಿ ಸಾಬಾತೊ ಅವರೇ,

ನಮ್ಮ ಪಿಜ್ಜೇರಿಯಾ ನೀನಿಲ್ಲದೆ ಮೂರು ವಾರ ಪೂರೈಸಿದ ಈ ಶುಭ ಸಂದರ್ಭದಲ್ಲಿ ವರದಿ ಮಂಡಿಸಲು ನಿನ್ನ ಹೆಂಡತಿ ಎರ್ಮೀನಿಯಾ ಎದ್ದು ನಿಂತಿದ್ದಾಳೆ. ಚಪ್ಪಾಳೆ ಬೇಡ. ಇವತ್ತು ವಾರದ ರಜೆ, ಮಗಳು ಮಹಡಿಯಲ್ಲಿ ಮಲಗಿದ್ದಾಳೆ.

ನಿನ್ನ ಕಾರ್ಡು ಶನಿವಾರ ಬಂತು. ಒಂದು ಕಡೆ ನಿಮ್ಮ ಸಲೇರ್ನೊ ಊರಿನ ಸಮುದ್ರ, ಇನ್ನೊಂದು ಕಡೆ ನಾಲ್ಕು ಸಾಲು. ನಿನ್ನ ತಮ್ಮ ಅನಿಯೆಲ್ಲೊ ತನ್ನ ಅಂಗಡಿಯ ಒಲೆಗೆ ನಿನ್ನನ್ನೇ ಕರೆಯುತ್ತಿದ್ದಾನೆ, ಬರುವ ಭಾನುವಾರ ಅವನಿಗೆ ಮಾತು ಕೊಡಬೇಕು, ನಾನು ಇಟ್ಟುಕೊಂಡ ಹೊಸ ಆಳು ಜೆರಾರ್ದೊ ಚೆನ್ನಾಗಿ ನಡೆಸಿಕೊಂಡು ಹೋಗುತ್ತಿದ್ದರೆ ನೀನು ಅಲ್ಲೇ ಉಳಿಯುತ್ತೀಯ, ಇಲ್ಲದಿದ್ದರೂ ತಿಳಿಸಬೇಕು. ಅಷ್ಟೇ. ಎರಡು ದಿನದಿಂದ ಆ ಸಮುದ್ರ ನನ್ನ ಅಪ್ರನ್ನಿನ ಜೇಬಿನಲ್ಲಿದೆ, ಒಂದು ಮೂಲೆಗೆ ಎಣ್ಣೆ ಹತ್ತಿದೆ. ಫೋನ್ ಮಾಡಬಹುದಿತ್ತು. ಆದರೆ ನನ್ನ ದನಿ ಎಲ್ಲವನ್ನೂ ಹೇಳಿಬಿಡುತ್ತದೆ. ಅಕ್ಷರಗಳು ಹೇಳಿದ ಮಾತು ಕೇಳುತ್ತವೆ. ಇವತ್ತು ಅವು ಸ್ವಲ್ಪ ಸೊಟ್ಟಗಿದ್ದರೆ ಪೆನ್ನಿನ ದೋಷ. ನನ್ನ ಮಣಿಕಟ್ಟಿಗೆ ಏನೂ ಆಗಿಲ್ಲ.

ಜೆರಾರ್ದೊ ವಿಷಯಕ್ಕೆ ಬರುತ್ತೇನೆ. ಅಂಥ ಆಳು ಈ ಕಣಿವೆಯಲ್ಲಿ ಸಿಗುವುದಿಲ್ಲ. ಮೀಸೆಯಿಲ್ಲ, ಮುನಿಸಿಲ್ಲ, ಮಾತಿಗೆ ಮಾತಿಲ್ಲ. ಹಾಡುವುದಿಲ್ಲ, ಕಾಡುವುದಿಲ್ಲ, ಗಿರಾಕಿಗಳ ಮೇಲೆ ಹಾರಾಡುವುದಿಲ್ಲ. ಊಟವೂ ಬಹಳ ಕಡಿಮೆ. ಲೊರೆದಾನಾಗಂತೂ ಅವನ ಹೆಸರೆತ್ತಿದರೆ ನಗು. 'ಅಪ್ಪಂಗೆ ಬರೀ ಅಮ್ಮಾ, ಜೆರಾರ್ದೊ ತುಂಬಾ ಇಳಿದುಹೋಗಿದಾನೆ ಅಂತ' ಎನ್ನುತ್ತಾಳೆ. ಹದಿನೇಳಕ್ಕೇ ಇಷ್ಟು ನಾಲಿಗೆ. ನನ್ನ ಕಡೆಯಿಂದ ಬಂದದ್ದಲ್ಲ.

ಆ ಸಂಜೆಯ ವಿಷಯ ಬರೆಯಬಾರದು ಎಂದುಕೊಂಡಿದ್ದೆ. ಆರನೇ ಮೇಜಿನ ಜರ್ಮನ್ ಗಂಡಹೆಂಡಿರು ಪಿಜ್ಜಾ ಜೊತೆಗೇ ಕ್ಯಾಪುಚಿನೊ ಕೇಳಿದರು, ನಾನು ಕೊಟ್ಟೆ. ನೀನು ಒಲೆಗೆ ಪಿಜ್ಜಾ ಹಾಕುವ ಸಲಿಕೆ ಹಿಡಿದುಕೊಂಡೇ ಹೊರಗೆ ಬಂದೆ. 'ಏನೇ ಇದು? ಟೊಮೇಟೊ ಮೇಲೆ ಹಾಲು ಸುರೀತಿದೀಯಲ್ಲ! ನಮ್ಮೂರಲ್ಲಿ ಆಸ್ಪತ್ರೇಲಿರೋರೂ ಹೀಗೆ ತಿನ್ನಲ್ಲ' ಎಂದೆ. 'ನಿಮ್ಮೂರಿಂದ ಈ ಹಿಮಕ್ಕೆ ಯಾರೂ ಬರಲ್ಲ, ಬರೋರು ಇವರೇ' ಎಂದೆ ನಾನು. ಅಲ್ಲಿಗೆ ನಿಲ್ಲಿಸಬಹುದಿತ್ತು. 'ಒಲೆ ಮುಂದೆ ನಿಲ್ಲೋಕೆ ಯಾರು ಬೇಕಾದ್ರೂ ಸಿಗ್ತಾರೆ' ಎಂದೂ ನಾನೇ ಸೇರಿಸಿದೆ. ನೀನು ಅಪ್ರನ್ ಮಡಚಿಟ್ಟೆ. ಬಿಸಾಡಿದ್ದರೆ ನಾನು ಹೆದರುತ್ತಿರಲಿಲ್ಲ. ಮಡಚಿಟ್ಟೆ ನೋಡು, ಆಗ ಹೆದರಿದೆ.

ಇನ್ನು ಉಪ್ಪು. ನಿಮ್ಮ ಊರಿನವರಿಗೆ ತಕ್ಕಡಿ ಎಂದರೆ ಅವಮಾನ. ಇಪ್ಪತ್ತೆರಡು ವರ್ಷದ ಒಲೆ, ಅದರ ಶಾಸ್ತ್ರವೆಲ್ಲ ಕಪಾಟಿನ ಬಾಗಿಲ ಒಳಗಡೆ ಇದ್ದಿಲಲ್ಲಿ ಒಂದೇ ಸಾಲು: ಒಂದು ತೊಟ್ಟಿ ಹಿಟ್ಟಿಗೆ ಐದು ಹಿಡಿ. ಯಾರ ಹಿಡಿ ಎಂದು ಬರೆದಿಲ್ಲ. ಜೆರಾರ್ದೊ ತನ್ನ ಹಿಡಿಯಲ್ಲಿ ಐದು ಹಾಕಿದ. ಅವನ ಕೈ ಚಿಕ್ಕದು. ಮಧ್ಯಾಹ್ನದ ಹೊತ್ತಿಗೆ ಉಪ್ಪು ಸಾಲದೆ ಹಿಟ್ಟು ಸಡಿಲಾಗಿ, ಉಕ್ಕಿ, ಪೆಟ್ಟಿಗೆಯ ಮುಚ್ಚಳ ಎತ್ತಿಕೊಂಡು ನಿಂತಿತ್ತು. ಸಲಿಕೆಯ ಮೇಲೆ ಹಾಕಿದರೆ ಅಂಚಿನಿಂದ ಇಳಿದು ನೆಲಕ್ಕೆ ಹೊರಟಿತು. ಅವತ್ತು ಶುಕ್ರವಾರ. ಏಳು ಗಂಟೆಗೆ ನಮ್ಮ ಎಜೀದಿಯೊ ಹಾಜರು. ಮೂವತ್ತು ವರ್ಷ ರೋಪ್‌ವೇ ನಡೆಸಿ ನಿವೃತ್ತನಾದವನು ಇನ್ನೂ ಗಡಿಯಾರದಂತೆಯೇ ಊಟಕ್ಕೆ ಬರುತ್ತಾನಲ್ಲ. ಒಂದು ತುಂಡು ಬಾಯಿಗಿಟ್ಟ. 'ಏನಮ್ಮಾ ಎರ್ಮೀನಿಯಾ, ನಿನ್ ಗಂಡ ಹೋಗ್ತಾ ಉಪ್ಪಿನ ಡಬ್ಬಿನೂ ಎತ್ಕೊಂಡ್ ಹೋದ್ನಾ?' ಎಂದ. ಪಕ್ಕದ ಎರಡು ಮೇಜು ನಕ್ಕವು.

ಜೆರಾರ್ದೊಗೆ ರೋಷ ಬಂತು. ಮುಂದಿನ ಸಲ ಒಂಬತ್ತು ಹಿಡಿ. ಆ ವಾರ ನಮ್ಮಲ್ಲಿ ಬಿಯರ್ ಖರ್ಚಾದಷ್ಟು ಹಿಂದೆಂದೂ ಆಗಿರಲಿಲ್ಲ. 'ಓಹೋ, ಎಲ್ಲಾ ಉಪ್ಪೂ ಒಟ್ಟಿಗೇ ವಾಪಸ್ ಕಳ್ಸಿಬಿಟ್ನಾ?' ಎಂದ ಎಜೀದಿಯೊ, ನೀರಿನ ಜಗ್ಗು ಎಳೆದುಕೊಂಡು.

ಆಮೇಲೆ ಹಿಂಬಾಗಿಲ ಮೊಳೆಯಲ್ಲಿ ನಿನ್ನ ಚರ್ಮದ ಕೈಗವಸು ಕಂಡಿತು, ನೀನು ಹಿಮ ಬಾಚುವಾಗ ಹಾಕಿಕೊಳ್ಳುವುದು. ದಕ್ಷಿಣಕ್ಕೆ ಹೋಗುವವನಿಗೆ ಅದು ಯಾಕೆ ಬೇಕು? ಬಿಟ್ಟು ಹೋಗಿದ್ದೀಯ. ಜೆರಾರ್ದೊ ಬಲಗೈಯದನ್ನು ತೊಳೆದು, ಒಣಗಿಸಿ, ಹಾಕಿಕೊಂಡ. ಬೆರಳ ತುದಿಗಳು ಖಾಲಿ ಜೋತಾಡುತ್ತಿದ್ದವು. ಆ ಕೈಯಲ್ಲಿ ಉಪ್ಪು ತುಂಬಿ ಎಣಿಸಿದ: ಒಂದು, ಎರಡು, ಮೂರು, ನಾಲ್ಕು, ಐದು. ಹಿಟ್ಟು ಮಾತು ಕೇಳಿತು. ಉಂಡೆ ಉಂಡೆಯಾಗಿ, ಮಂಡೆ ಮಂಡೆಯಾಗಿ, ಹೇಳಿದಲ್ಲಿ ಕೂತಿತು.

ಮೊನ್ನೆ ಶುಕ್ರವಾರ ಎಜೀದಿಯೊ ಮೊದಲ ತುಂಡು ತಿಂದ. ಎರಡನೆಯದನ್ನೂ ತಿಂದ. ಆಮೇಲೆ ಕತ್ತು ಉದ್ದ ಮಾಡಿ ಒಲೆಯ ಕಡೆ ನೋಡಿ, ಸಣ್ಣ ದನಿಯಲ್ಲಿ ಕೇಳಿದ: 'ಸಾಬಾತೊ ಬಂದ್ನಾ?'

ನಾನು ಇಲ್ಲ ಎಂದೆ. ತಟ್ಟೆ ಎತ್ತಿಕೊಂಡು ಒಳಗೆ ಬಂದುಬಿಟ್ಟೆ. ತಟ್ಟೆಯಲ್ಲಿ ಅವನ ಅರ್ಧ ಪಿಜ್ಜಾ ಇನ್ನೂ ಇತ್ತು. ಪಾಪ, ಅವನು ಕೂಗಲೂ ಇಲ್ಲ.

ಆದ್ದರಿಂದ ವರದಿಯ ಸಾರಾಂಶ: ಉಪ್ಪು ಸರಿಯಾಗಿದೆ. ಈ ಶನಿವಾರ ಕಾರ್ನಿವಲ್, ಸ್ಕೀ ಶಾಲೆಯವರದೇ ಅರವತ್ತು ಜನ, ಎಲ್ಲ ಒಂದೇ ಹೊತ್ತಿಗೆ. ರೇಡಿಯೊದವರು ಅವತ್ತೇ ಬಿಸಿಗಾಳಿ ಬೀಸುತ್ತದೆ ಅನ್ನುತ್ತಿದ್ದಾರೆ. ಆ ಗಾಳಿಗೆ ಹೊಗೆ ಚಿಮಣಿ ಬಿಟ್ಟು ಗಿರಾಕಿಗಳ ಮಧ್ಯೆ ಬಂದು ಕೂರುತ್ತದೆ. ಆಗ ನೀನು ಏನೋ ಒಂದು ಮಾಡುತ್ತಿದ್ದೆ, ಯಾವುದೋ ಸಣ್ಣ ಬಾಗಿಲು, ನಾನು ಯಾವತ್ತೂ ನೋಡಲಿಲ್ಲ. ಅದಕ್ಕೆ ಹೆದರಿಲ್ಲ. ಜೆರಾರ್ದೊ ನೋಡಿಕೊಳ್ಳುತ್ತಾನೆ. ಹೊಗೆಯೋ ಧಗೆಯೋ, ಅಳುವೋ ನಗೆಯೋ, ನಡೆಯುತ್ತದೆ. ನೀನು ಆರಾಮವಾಗಿ ಅಲ್ಲೇ

ಇಲ್ಲ. ಈ ಸಾಲು ಮುಗಿಸಿದರೆ ನೀನು ನಂಬಿಬಿಡುತ್ತೀಯ. ಪ್ರಾಸ ಸಾಕು.

ಸಾಬಾತೊ, ಜೆರಾರ್ದೊ ಅಂತ ಯಾರೂ ಇಲ್ಲ. ಹೋದ ಪತ್ರದಲ್ಲಿ ಹುಟ್ಟಿದ, ಈ ಪತ್ರದಲ್ಲಿ ಸತ್ತ. ಒಲೆ ಮುಂದೆ ನಿಂತಿರುವುದು ನಾನು. ಮಣಿಕಟ್ಟು ಸುಟ್ಟಿದೆ. ಯಾರು ಬೇಕಾದರೂ ನಿಲ್ಲಬಹುದು ಎಂದಿದ್ದೆ, ನಿಂತು ನೋಡಿದೆ. ಉಪ್ಪು ಈಗ ನನಗೂ ಬರುತ್ತದೆ, ಆದರೆ ಪ್ರತಿ ಬೆಳಗ್ಗೆ ಆ ಖಾಲಿ ಬೆರಳುಗಳನ್ನು ನೋಡಲು ನನ್ನಿಂದ ಆಗುವುದಿಲ್ಲ. ಭಾನುವಾರ ತಮ್ಮನಿಗೆ ಮಾತು ಕೊಡಬೇಡ. ಬಾ.

ನಿನ್ನ
ಎರ್ಮೀನಿಯಾ

ಮರೆತದ್ದು: ಆರನೇ ಮೇಜಿನ ಆ ಜರ್ಮನ್ ಗಂಡಹೆಂಡಿರು ನಿನ್ನೆ ಮತ್ತೆ ಬಂದಿದ್ದರು. ಪಿಜ್ಜಾ ಜೊತೆಗೇ ಕ್ಯಾಪುಚಿನೊ ಕೇಳಿದರು. ಯಂತ್ರ ಕೆಟ್ಟಿದೆ ಎಂದೆ. ಯಂತ್ರ ಚೆನ್ನಾಗಿಯೇ ಇದೆ.