ಜಾವೊಲ್ಸ್ಕಿಗಳ ಊರು

ಕಿನೆಷ್ಮಾ
೧೨ ಸೆಪ್ಟೆಂಬರ್ ೧೯೯೪

ಪ್ರೀತಿಯ ರಾಯಕ್ಕನಿಗೆ ಜೀನಾಳ ಅಪ್ಪುಗೆಗಳು,

ಓಮ್ಸ್ಕ್‌ನಲ್ಲಿ ನೀನು ನೆಮ್ಮದಿಯಾಗಿದ್ದೀಯೆಂದು ನಂಬಿದ್ದೇನೆ. ನನಗಂತೂ ಆ ಭಾಗ್ಯವಿಲ್ಲ. ಬರುವ ತಿಂಗಳ ಮೊದಲ ಶನಿವಾರ ನಮ್ಮ ಮಗಳು ಲೀದಾಳ ಮದುವೆ. ಅದು ನಡೆಯುತ್ತದೋ ಇಲ್ಲವೋ ಎಂಬುದು ಹೋದ ವಾರದವರೆಗೂ ನನ್ನ ಗಂಡನ ಕೆನ್ನೆಮೀಸೆಯ ಮೇಲೆ ನಿಂತಿತ್ತು ಎಂದರೆ ನೀನು ನಂಬುತ್ತೀಯಾ?

ಅರ್ಕಾದಿ ಇಪ್ಪತ್ತು ವರ್ಷ ನೇಯ್ಗೆ ಶಾಲೆಯಲ್ಲಿ ಮಾರ್ಕ್ಸ್‌ವಾದ ಕಲಿಸಿದವನು. ತಾನು ಶುದ್ಧ ರೈತ ವಂಶದವನೆಂದು ಎದೆ ತಟ್ಟಿಕೊಳ್ಳುತ್ತಿದ್ದವನು. ದೇಶ ಹೋಯಿತು, ಪಾಠ ಹೋಯಿತು, ಸಂಬಳ ಬೇಸಿಗೆಯಿಂದ ಬಂದಿಲ್ಲ. ಆಗ ಯಾರೋ ಅವನ ಕಿವಿಯಲ್ಲಿ ಊದಿದರು, ಝಾರ್ ಕಾಲದಲ್ಲಿ ಈ ಸೀಮೆಗೆಲ್ಲ ಜಾವೊಲ್ಸ್ಕಿ ಎಂಬ ರಾಜವಂಶದವರೇ ಒಡೆಯರಂತೆ ಎಂದು. ನಮ್ಮ ಮನೆತನದ ಹೆಸರೂ ಜಾವೊಲ್ಸ್ಕಿ. ಅಷ್ಟೇ ಸಾಕಾಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಹಳೆಯ ಕಾಲದ ದಣಿಗಳಂತೆ ಕೆನ್ನೆಮೀಸೆ ಬಿಟ್ಟ, ಫ್ರಿಜ್ಜಿನ ಮೇಲೆ ಝಾರ್‌ನ ಲಾಂಛನವಾದ ಎರಡು ತಲೆಯ ಹದ್ದಿನ ಚಿತ್ರ ಅಂಟಿಸಿದ, ವಾರಕ್ಕೊಮ್ಮೆ ‘ಕುಲೀನರ ಸಭೆ’ಗೆ ಹೋಗತೊಡಗಿದ. ಅಲ್ಲಿ ಕೂರುವವರಲ್ಲಿ ಅರ್ಧ ಜನ ಹಿಂದೆ ಕಮ್ಯುನಿಸ್ಟ್ ಪಕ್ಷದ ಸಭೆಯಲ್ಲಿ ಕೂರುತ್ತಿದ್ದವರೇ, ಕೋಣೆಯೂ ಅದೇ. ಒಂದು ದಿನ ಸಂತೆಯಲ್ಲಿ ಮೀನು ಮಾರುವವಳ ಕೈಗೆ ಬಾಗಿ ಮುತ್ತಿಟ್ಟ. ಅವಳು ಗಾಬರಿಯಾಗಿ ಎರಡು ಹೆರಿಂಗ್ ಹೆಚ್ಚಿಗೆ ಹಾಕಿದಳು. ಆ ಹುಚ್ಚಿನಿಂದ ನಮಗಾದ ಲಾಭ ಅದೊಂದೇ.

ಇಷ್ಟಾದರೂ ನಾನು ಸಹಿಸಿಕೊಂಡಿದ್ದೆ. ಆದರೆ ಲೀದಾ ತಾನು ಗ್ಲೆಬ್‌ನನ್ನು ಮದುವೆಯಾಗುತ್ತೇನೆ ಎಂದಳು. ಹುಡುಗ ಫ್ರಿಜ್ಜು ರಿಪೇರಿ ಮಾಡುತ್ತಾನೆ, ಅಪ್ಪ ಬಸ್ಸಿನ ಡ್ರೈವರ್, ಅಮ್ಮ ತಮಾರಾ ಡಿಪೋದಲ್ಲಿ ಟಿಕೆಟ್ ಕೊಡುತ್ತಾಳೆ. ನಮ್ಮ ರಾಜಕುಮಾರರು ಒಪ್ಪಲಿಲ್ಲ. ರಕ್ತವಂತೆ, ವಂಶವಂತೆ. ಲೀದಾ ಅಪ್ಪನ ಜೊತೆ ಮಾತು ಬಿಟ್ಟಳು. ನಾನು ಒಂದೇ ಅಡುಗೆಮನೆಯಲ್ಲಿ ಇಬ್ಬರಿಗೆ ಬೇರೆ ಬೇರೆ ಹೊತ್ತಿಗೆ ಸೂಪು ಬಡಿಸಿ ಸಾಕಾದೆ.

ಕೊನೆಗೆ ಅರ್ಕಾದಿಯೇ ಒಂದು ಉಪಾಯ ಹೂಡಿದ. ಪೂರ್ವಿಕರ ಬಂಗಲೆಯಿದ್ದ ಊರನ್ನು ಗ್ಲೆಬ್‌ಗೆ ತೋರಿಸಿದರೆ ತಾನು ಯಾರ ಮನೆಯ ಹೆಣ್ಣಿಗೆ ಕೈ ಚಾಚಿದ್ದೇನೆಂದು ತಿಳಿದು ಅವನೇ ಹಿಂದೆ ಸರಿಯುತ್ತಾನಂತೆ. ಸರಿ, ಹೋದ ಭಾನುವಾರ ನಾಲ್ವರೂ ಹೊರಟೆವು. ಬಸ್ಸು ಇಳಿದ ಮೇಲೆ ಕೆಸರು. ಅರ್ಕಾದಿ ಮದುವೆಯ ಕಾಲದ ಕಪ್ಪು ಕೋಟು ಹಾಕಿದ್ದ. ಬಂಗಲೆಯಿದ್ದ ಕಡೆ ಎರಡು ಇಟ್ಟಿಗೆಯ ಕಂಬ, ಒಂದು ಗೊಬ್ಬರದ ಉಗ್ರಾಣ, ಅಷ್ಟೇ ಉಳಿದಿತ್ತು. ಪಕ್ಕದ ಹಿತ್ತಲಿನಲ್ಲಿ ಮುದುಕಿಯೊಬ್ಬಳು ಆಲೂಗಡ್ಡೆ ಅಗೆಯುತ್ತಿದ್ದಳು. ಅರ್ಕಾದಿ ಟೋಪಿ ತೆಗೆದು, ತಾನು ಜಾವೊಲ್ಸ್ಕಿ ಎಂದು ಗಂಭೀರವಾಗಿ ಹೇಳಿದ. ಮುದುಕಿ ತಲೆಯನ್ನೂ ಎತ್ತಲಿಲ್ಲ.

“ಅದಕ್ಕೇನೀಗ? ನಾನೂ ಜಾವೊಲ್ಸ್ಕಿನೇ. ಆ ದನ ಹೊಡ್ಕೊಂಡು ಹೋಗ್ತಾನಲ್ಲ, ಅವನೂ ಜಾವೊಲ್ಸ್ಕಿ. ಇಡೀ ಊರೇ ಜಾವೊಲ್ಸ್ಕಿ ಕಣಪ್ಪಾ. ಜೀತದಿಂದ ಬಿಟ್ಟಾಗ ನಮ್ಮೋರಿಗೆ ಹೆಸರು ಅಂತ ಎಲ್ಲಿತ್ತು? ಯಾವ ದಣಿ ಆಳೋ ಆ ದಣಿ ಹೆಸರೇ ಬರೆದ್ರು. ನಿಮ್ಮಜ್ಜ ಯಾರು?”

ಓಸಿಪ್ ಎಂದ ಅರ್ಕಾದಿ. ಸ್ವರ ಆಗಲೇ ಇಳಿದಿತ್ತು. ಮುದುಕಿ ಈಗ ಎದ್ದು ಬಂದು ಅವನ ಮುಖ ನೋಡಿದಳು.

“ಗಿರಣಿ ಕೆಲಸಕ್ಕೆ ಅಂತ ಪಟ್ಟಣ ಸೇರಿದ ಓಸಿಪಾ? ಬಾತುಕೋಳಿ ಕಾಯೋ ಯೆರ್ಮೊಲಾಯ್ ಮಗ. ಕಿವಿ ನೋಡು, ಅದೇ ಕಿವಿ. ಬನ್ನಿ ಒಳಗೆ, ಹಾಲು ಕುಡೀರಿ.”

ಲೀದಾ ತುಟಿ ಕಚ್ಚಿಕೊಂಡು ನಗು ತಡೆದಳು. ಗ್ಲೆಬ್, ಅವನ ಹೊಟ್ಟೆ ತಣ್ಣಗಿರಲಿ, ನಗದೆ ಗುದ್ದಲಿ ತೆಗೆದುಕೊಂಡು ಮುದುಕಿಯ ಆಲೂಗಡ್ಡೆ ಅಗೆದುಕೊಟ್ಟ. ವಾಪಸು ಬರುವಾಗ ಅರ್ಕಾದಿ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತ. ನಮ್ಮ ಊರು ಹತ್ತಿರವಾದಾಗ ಹೇಳಿದ, “ಜೀನಾ, ಆ ದಣಿ ನಮ್ಮ ಹಿರಿಯರ ಬೆನ್ನಿಗೆ ಚಾಟಿ ಹಾಕಿಸಿರ್ತಾನೆ. ನಾನು ಅವನ ಮೀಸೆ ಬಿಟ್ಕೊಂಡು ಓಡಾಡ್ತಿದ್ದೆ.” ನಾಲ್ಕು ಮಾತು ಆಡಿ ಮನಸ್ಸಿನ ಉರಿ ತೀರಿಸಿಕೊಳ್ಳಬೇಕೆಂದಿದ್ದೆ. ಆದರೆ ಪಾಪ ಎನಿಸಿತು ಅಕ್ಕ, ಅವನ ಕೈ ಹಿಡಿದುಕೊಂಡೆ. ಮರುದಿನ ಕೆನ್ನೆ ಬೋಳಿಸಿಕೊಂಡು, ಮಗಳನ್ನು ಕರೆದು ಮದುವೆಯಾಗು ಎಂದ.

ಕಥೆ ಇಲ್ಲಿಗೆ ಮುಗಿಯಬಾರದೇ? ಮುಗಿಯಲಿಲ್ಲ. ಈಗ ಬೀಗಿತಿ ತಮಾರಾ ತಕರಾರು ತೆಗೆದಿದ್ದಾಳೆ. ಮಗ ರಾಜಮನೆತನದ ಹೆಣ್ಣು ತರುತ್ತಾನೆಂದು ಡಿಪೋದಲ್ಲೆಲ್ಲ ಸಾರಿಬಿಟ್ಟಿದ್ದಳಂತೆ. ಬಾತು ಕಾಯುವವನ ಮರಿಮೊಮ್ಮಗನ ಮಗಳೆಂದು ಈಗ ಹೇಗೆ ಹೇಳುವುದು, ತನ್ನ ಮಾನ ಏನಾಗಬೇಕು, ತಾನು ಮದುವೆಗೆ ಬರುವುದಿಲ್ಲ ಎನ್ನುತ್ತಾಳೆ. ಯಾರಿಗೆ ಹೇಳೋಣ ನಮ್ಮ ಪ್ರಾಬ್ಲಮ್ಮು! ಗ್ಲೆಬ್ ಹಟ ಬಿಟ್ಟಿಲ್ಲ, ಆ ಶನಿವಾರ ನೋಂದಣಿ ಆಗಿಯೇ ತೀರುತ್ತದೆ. ಆದರೂ ಅಮ್ಮ ಬರದ ಮದುವೆಯೆಂದು ಅವನ ಮುಖ ಚಿಕ್ಕದಾಗಿದೆ, ಅದನ್ನು ನೋಡಿ ಲೀದಾ ಅಳುತ್ತಾಳೆ.

ನೀನು ಬರಲೇಬೇಕು. ಈ ಮನೆಯಲ್ಲಿ ತಲೆ ನೆಟ್ಟಗಿರುವವರು ಒಬ್ಬರಾದರೂ ಬೇಕು.

ಇಂತಿ ನಿನ್ನ ತಂಗಿ,
ಜೀನಾ

ತಾ.ಕ.: ಇದನ್ನು ಓದಿ ನೀನು ಏನು ಹೇಳುತ್ತೀಯೆಂದು ನನಗೆ ಗೊತ್ತು. ನೆಲ ಒರೆಸಿ ನಮ್ಮಮ್ಮನನ್ನು ಸಾಕಿದ ಅಜ್ಜಿ ನಿಜಕ್ಕೂ ಯಾರ ಮಗಳು, ಯಾವ ಅರಮನೆಯಲ್ಲಿ ಹುಟ್ಟಿದವಳು ಎಂಬುದನ್ನು ತಮಾರಾಳ ಕಿವಿಗೆ ಹಾಕಿದರೆ ಸಾಕು, ಓಡೋಡಿ ಬರುತ್ತಾಳೆ ಎಂದು. ಅರ್ಕಾದಿಗೂ ನಾನು ಇದುವರೆಗೆ ಹೇಳಿಲ್ಲ, ಹೇಳುವುದೂ ಇಲ್ಲ. ಕಾಲ ಬದಲಾಗಿದೆ ಎನ್ನುತ್ತೀಯ. ೧೯೩೬ರಲ್ಲಿ, ಅರಮನೆಯಲ್ಲಿ ಹುಟ್ಟಿದವರೂ ಇನ್ನು ಎಲ್ಲರಿಗೆ ಸಮಾನರೆಂದು ಕಾನೂನು ಬಂದಾಗ, ಅಜ್ಜಿಯೂ ಹಾಗೆಯೇ ನಂಬಿ ಪಕ್ಕದ ಮನೆಯವಳ ಮುಂದೆ ಬಾಯಿಬಿಟ್ಟಿದ್ದಳು. ಮರುವರ್ಷ ಗುಪ್ತ ಪೊಲೀಸರು ಬಂದು ಅಜ್ಜನನ್ನು ಕರೆದುಕೊಂಡು ಹೋದರು, ಅವನು ಮತ್ತೆ ಮನೆಗೆ ಬರಲಿಲ್ಲ. ಓದಿದ ಮೇಲೆ ಈ ಕಾಗದವನ್ನು ಒಲೆಗೆ ಹಾಕು.