ಒಂದೇ ಹಿಟ್ಟು, ಎರಡು ಬ್ರೆಡ್ಡು

ಬೇಕರಿಯ ಹಿಂದಿನ ಕೋಣೆ,
ಮಾರ್ಚ್ ಹನ್ನೆರಡು

ಪ್ರೀತಿಯ ತಂಗಿಗೆ,

ಸಕಲ ಬಂಧುಬಳಗಕ್ಕೆ ಈ ಮೂಲಕ ಸಾರುವುದೇನೆಂದರೆ, ನಿನ್ನ ಭಾವನ ಬೆಲ್ಟಿಗೆ ಮೊಳೆ ಬಡಿದು ಹೊಸ ತೂತು ಮಾಡಲಾಗಿದೆ. ಸಮಾರಂಭ ಗಲ್ಲಾಪೆಟ್ಟಿಗೆಯ ಮುಂದೆಯೇ ನಡೆಯಿತು. ಗಿರಾಕಿಗಳು ಚಪ್ಪಾಳೆ ತಟ್ಟಿದರು. ಗೋಡೆಗೆ ಒರಗಿ ನಾನೂ ತಟ್ಟಿದೆ. ನಿನ್ನ ಪತ್ರಕ್ಕೆ ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಸಿಟ್ಟಿನಲ್ಲಿ ಬರೆದರೆ ಕಾಗದ ಹರಿದೀತೆಂದು ಸುಮ್ಮನಿದ್ದೆ.

ನನ್ನ ಮಂಡಿಯ ಪುರಾಣ ನಿನಗೆ ಗೊತ್ತು. ತೂಕ ಇಳಿದರಷ್ಟೇ ಆಪರೇಷನ್ ಎಂದಿದ್ದಾರೆ ಡಾಕ್ಟರು. ಆಪರೇಷನ್ ಆಗದಿದ್ದರೆ ಭಟ್ಟಿಯ ಮುಂದೆ ನಿಲ್ಲುವ ಕೆಲಸ ಬಿಟ್ಟು ನಾನು ಮೂಲೆ ಹಿಡಿಯಬೇಕು. ಜೊತೆಗಿರಲೆಂದು ನಿನ್ನ ಭಾವನೂ ಉಪವಾಸ ಹಿಡಿದರು. ರಾತ್ರಿಯೂಟ ರದ್ದು. ಸಕ್ಕರೆ ತೂಗುವ ತಕ್ಕಡಿಯಲ್ಲಿ ಇಬ್ಬರಿಗೂ ಸಮಸಮ ಊಟ, ಮೈದಾ ಮೂಟೆ ತೂಗುವ ತಕ್ಕಡಿಯಲ್ಲಿ ನಾವು. ಎರಡು ತಿಂಗಳಲ್ಲಿ ಅವರು ಒಂಬತ್ತು ಕಿಲೋ ಇಳಿದರು. ನಾನು ಒಂದು. ಅದರಲ್ಲೂ ಅರ್ಧ ಕಣ್ಣೀರಿನದು.

"ನೀನು ಸರಿಯಾಗಿ ನಿಂತಿಲ್ಲ ಕಣೇ," ಅಂದರು.

"ಇನ್ನೇನು, ತಲೆಕೆಳಗಾಗಿ ನಿಲ್ಲಲಾ?"

ಡಾಕ್ಟರು ನನ್ನನ್ನು ಬೈಯಲಿಲ್ಲ. "ಎಲ್ಲರ ಮೈಯೂ ಒಂದೇ ಥರ ಉರಿಯಲ್ಲಮ್ಮ. ಊಟ ಕಮ್ಮಿ ಆದ್ರೆ ಕೆಲವರ ಮೈ ಖರ್ಚನ್ನೂ ಕಮ್ಮಿ ಮಾಡ್ಕೊಳ್ಳುತ್ತೆ. ನಿಮ್ಮದು ಹಾಗೇ ಕಾಣುತ್ತೆ. ಬೇರೆ ದಾರಿ ನೋಡೋಣ," ಅಂದರು. ಅಂತೂ ನನ್ನೊಳಗೆ ಯಾವನೋ ಮಹಾ ಜಿಪುಣ ಸಂಸಾರ ನಡೆಸುತ್ತಿದ್ದಾನೆ.

ಮನೆಗೆ ಬಂದು ಹೇಳಿದರೆ ನಿನ್ನ ಭಾವ, "ಡಾಕ್ಟರು ಮರ್ಯಾದೆಗೆ ಹಾಗಂತಾರೆ," ಅಂದುಬಿಟ್ಟರು. ಒಂದೇ ಹಿಟ್ಟಿನ ಎರಡು ಬ್ರೆಡ್ಡಿನಲ್ಲಿ ಒಂದು ಉಬ್ಬಿ ಒಂದು ಕೂತರೆ ಭಟ್ಟಿಯನ್ನು ಬೈಯುವ ಮನುಷ್ಯ ಇವರು. ಹೆಂಡತಿಯ ವಿಷಯಕ್ಕೆ ಬಂದರೆ ಮಾತ್ರ ಬ್ರೆಡ್ಡಿನದೇ ತಪ್ಪು!

ಮಕ್ಕಳಿಗೆ ನನ್ನ ಆಶೀರ್ವಾದ. ನೀನು ಹೊಟ್ಟೆ ತುಂಬ ಉಣ್ಣು. ಉಂಡದ್ದನ್ನೆಲ್ಲ ದುಂದು ಮಾಡುವ ಮೈ ನಿನ್ನದು, ನೂರು ವರ್ಷ ಹಾಗೇ ಇರಲಿ.

ನಿನ್ನ ಅಕ್ಕ

ಮರೆತಿದ್ದೆ: ನಿನ್ನೆ ಬಿಸ್ಕತ್ತಿನ ಕಪಾಟಿನ ಹಿಡಿಗೆ ಸಣ್ಣ ಹೊಲಿಗೆ ದಾರ ಕಟ್ಟಿದ್ದು ಕಂಡಿತು. ಯಾರಾದರೂ ತೆರೆದರೆ ಹರಿಯಬೇಕು, ಹಾಗೆ. ಕೇಳಿದರೆ, "ಇಲಿ ಕಾಟ," ಅಂದರು. ಯಾವ ಇಲಿ ಹಿಡಿ ತಿರುಗಿಸಿ ಬಾಗಿಲು ತೆಗೆಯುತ್ತದೆ, ಹೇಳು. ಮದುವೆಯಾದಾಗಿನಿಂದ ಆ ಕಪಾಟು ತುಂಬಿದ್ದು ಈ ಕೈಯೇ. ದಾರ ಹರಿದಿಲ್ಲ, ಆದರೂ ನಿನ್ನ ಭಾವನ ಅನುಮಾನ ಹೋಗಿಲ್ಲ. ಒಂದು ವಾರ ಬಂದು ನನ್ನ ಜೊತೆಗಿರು, ಬೆಳಗಿನಿಂದ ಮಲಗುವವರೆಗೆ ನಾನು ಏನು ತಿನ್ನುತ್ತೇನೆಂದು ನೋಡು. ನನ್ನ ಮಾತು ನಂಬದವರು ನಿನ್ನದನ್ನಾದರೂ ನಂಬಿಯಾರು. ಬರುವಾಗ ನಿನ್ನ ದಿಂಬು ನೀನೇ ತಾ, ಇಲ್ಲಿಯವು ಚಪ್ಪಟೆಯಾಗಿವೆ.