ಬಾರದ ಎರಡನೆಯ ಗೆರೆ

ದೊಮ್ಮಲೂರು, ೧೪ ಜುಲೈ ೨೦೦೭

ಜಟ್ಟೆಮ್ಮಕ್ಕ,

ನಾನು ಚಿನ್ಮಯಿ, ಮೇಲಿನ ಮಹಡಿಯ ಲ್ಯಾಬಿನವಳು. ಮರ್ಫಿ ಟೌನಿನಲ್ಲಿ ನಿಮ್ಮ ಪಕ್ಕದ ರೂಮಿನ ನೂರುನ್ನೀಸಾ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ, ಅವಳೇ ಓದಿ ಹೇಳುತ್ತಾಳೆ. ಮೊದಲು ಇದನ್ನು ಕೇಳಿ. ಸೋಮವಾರದಿಂದ ಪೆಟ್ಟಿಗೆ ಎತ್ತಬೇಡಿ. ಮಂಗಳವಾರ ನೋಡಿದ ಆ ಒಂದೇ ಗೆರೆಯನ್ನು ನಂಬಬೇಡಿ.

ನಮ್ಮ ಕಂಪನಿಯ ಪದ್ಧತಿ ನಿಮಗೆ ಗೊತ್ತೇ ಇದೆ. ಪ್ಯಾಕಿಂಗಿನ ಹೆಂಗಸರಿಗೆ ಕೂತು ಮಾಡುವ ಕೆಲಸ ಬೇಕೆಂದರೆ, ನಾವೇ ತಯಾರಿಸುವ ಬಸಿರು ಪರೀಕ್ಷೆಯ ಸ್ಟ್ರಿಪ್ಪಿನಲ್ಲಿ ಎರಡು ಗೆರೆ ತೋರಿಸಬೇಕು. ಸೂಪರ್‌ವೈಸರ್ ಸಂಜೀವಪ್ಪ ನಿಮ್ಮ ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದು ನೋಡಿ ಮತ್ತೆ ಲೋಡಿಂಗಿಗೇ ಕಳಿಸಿದರು. ಮೆಟ್ಟಿಲಲ್ಲಿ ಸಿಕ್ಕಾಗ ನೀವು ಅಂದಿರಿ: "ಎರಡು ಸಲ ಬಸಿರು ನಿಲ್ಲಲಿಲ್ರೀ ಮೇಡಮ್ಮ. ಈ ಸಲ ಐತಿ ಅಂತ ನನ್ನ ಮೈಗೆ ಗೊತ್ತಾಗೈತಿ, ಸ್ಟ್ರಿಪ್ಪಿಗೆ ಯಾಕ ಗೊತ್ತಾಗವಲ್ದು?"

ಆ ಕೆಂಪು ಗೆರೆ ಚಿನ್ನದ್ದು, ಅಕ್ಕ. ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳಿಗೆ ಆಂಟಿಬಾಡಿ ಅಂಟಿಸಿರುತ್ತೇವೆ. ಬಸಿರಿನ ಗುರುತನ್ನು ಹಿಡಿಯುವುದು ಅದೇ. ಅದು ಅಂಟದ ಕಣ ಗೆರೆಯಲ್ಲಿ ನಿಲ್ಲದೆ ಹರಿದು ಹೋಗುತ್ತದೆ. ಈ ಸಲ ಬಂದ ಕಣಗಳ ಸೀಸೆಯಲ್ಲಿ ಆಂಟಿಬಾಡಿ ಎಷ್ಟಿದೆಯೆಂದು ನಾನು ಒಟ್ಟಾಗಿ ಅಳೆದೆ, ಸರಾಸರಿ ಚೆನ್ನಾಗಿತ್ತು, ಸರಿಯಿದೆ ಎಂಬ ವರದಿಗೆ ಸಹಿ ಹಾಕಿದೆ. ನಿಮ್ಮ ಮಾತು ಕೇಳಿದ ಮೇಲೆ ಮನಸ್ಸು ತಡೆಯಲಿಲ್ಲ. ಮರುದಿನ ಅದೇ ಸೀಸೆಯ ಒಂದು ಹನಿಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, ಆಂಟಿಬಾಡಿ ಇದ್ದುದಕ್ಕೆ ಮಾತ್ರ ಬೇರೆ ಬಣ್ಣ ಬರುವ ಹಾಗೆ ಮಾಡಿ, ಕಣಗಳನ್ನು ಒಂದೊಂದಾಗಿ ನೋಡಿದೆ. ಇನ್ನೂರರಲ್ಲಿ ನೂರಾಹತ್ತು ಬರಿಮೈಯವು. ಉಳಿದವು ಬೇಕಾದ್ದಕ್ಕಿಂತ ಹೆಚ್ಚು ಮೆತ್ತಿಕೊಂಡು ಸರಾಸರಿಯನ್ನು ಕಾಪಾಡಿದ್ದವು. ಇನ್ನೂ ಎಳೆಯ ಬಸಿರನ್ನು ತೋರಿಸುವ ಶಕ್ತಿ ಆ ಸ್ಟ್ರಿಪ್ಪಿಗಿಲ್ಲ.

ಮ್ಯಾನೇಜರ್ ಭಾರ್ಗವ್ ಅವರಿಗೆ ಅವತ್ತೇ ಹೇಳಿದೆ. "ಸಹಿ ನಿಮ್ಮದೇ ಅಲ್ವಾ? ಬಾಯಿ ಬಿಟ್ರೆ ಮೊದಲು ಸಿಕ್ಕಾಕ್ಕೊಳ್ಳೋದು ನೀವೇ" ಅಂದರು. ಮೂರು ದಿನ ಹೀಗೇ ಕಳೆದೆ. ಆಚೆ ಹೋಗುವ ಹಾಗಿಲ್ಲ, ಒಳಗಿರುವ ಹಾಗಿಲ್ಲ. ಲ್ಯಾಬಿನ ಕಿಟಕಿಯಿಂದ ನೀವು ಪೆಟ್ಟಿಗೆ ಹೊತ್ತು ಲಾರಿಯ ಕಡೆ ನಡೆಯುವುದು ಕಂಡಿತು. ನಾನು ಪರದೆ ಎಳೆದುಬಿಟ್ಟೆ. ಹೆಣ್ಣಾಗಿ ಅದೊಂದನ್ನು ಮಾಡಬಾರದಿತ್ತು, ಅಕ್ಕ. ಎದುರಿಗೆ ಬಂದು ಹೇಳುವ ಮುಖ ನನಗಿಲ್ಲ.

ಹಲಸೂರಿನ ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಸಂಜೀವಪ್ಪ ತಕರಾರು ತೆಗೆದರೆ ಈ ಕಾಗದವನ್ನೇ ಅವರ ಕೈಗಿಡಿ. ನನ್ನನ್ನು ಉಳಿಸಬೇಕೆಂದು ಇದನ್ನು ಹರಿದುಹಾಕಬೇಡಿ. ಸ್ಟ್ರಿಪ್ ಕೆಟ್ಟದ್ದು ಎಂದು ಬರೆದು, ಆ ವರದಿಗೆ ಹಾಕಿದ್ದ ಸಹಿಯನ್ನೇ ಇಲ್ಲೂ ಹಾಕಿದ್ದೇನೆ.

ನಿಮ್ಮ ಮಡಿಲು ತುಂಬಲಿ.

ಚಿನ್ಮಯಿ ವೆಂಕಟಸುಬ್ಬಯ್ಯ